ಯೂರಿಪಿಡೀಸನ ‘ಮೆಡಿಯಾ’: ಓದುವವರೂ ಬರೆಯುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಎಂ.ಎ. ಮಾಡುವವರು, ಪ್ರಾಚೀನ ಗ್ರೀಕ್ ಕವಿ ಯೂರಿಪಿಡೀಸನ ಈ ದುರಂತ ನಾಟಕದ ಮೇಲೆ ಸೆಮಿನಾರ್ ಪೇಪರ್ ಬರೆಯುವವರು, ಸುಮ್ನೆ ಕುತೂಹಲಕ್ಕೆ ಓದಿದವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ಅರ್ಧ ಪ್ರಶ್ನೆ ನಾಟಕ ಅರ್ಥ ಮಾಡಿಕೊಳ್ಳುವುದರ ಬಗ್ಗೆ, ಇನ್ನರ್ಧ ಅದರಿಂದ ಸಾಲು ಎತ್ತಿ ಬರೆಯುವುದರ ಬಗ್ಗೆ. ನನಗೆ ಇವೆರಡೂ ಒಂದೇ ಕೆಲಸ ಅನ್ನಿಸುತ್ತದೆ. ಒಂದು ಮಾತನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಅಂತ ಗೊತ್ತಿಲ್ಲದಿದ್ದರೆ ಅಡಿಟಿಪ್ಪಣಿಯಲ್ಲಿ ಅಲ್ಪವಿರಾಮ ಎಲ್ಲ ಸರಿಯಿದ್ದೂ ಉಲ್ಲೇಖ ತಪ್ಪಾಗುತ್ತದೆ.

ಮೊದಲು ಕಥೆ ಹೇಳಿಬಿಡಿ.

ಜೇಸನ್ ಚಿನ್ನದ ಉಣ್ಣೆ ತರಲು ಆರ್ಗೊ ಹಡಗಿನಲ್ಲಿ ಕೊಲ್ಕಿಸ್‌ಗೆ ಹೋಗಿದ್ದ. ಅದು ಕಪ್ಪು ಸಮುದ್ರದ ಪೂರ್ವ ದಡ, ಇವತ್ತಿನ ಜಾರ್ಜಿಯಾ ದೇಶದ ಕಡೆ. ಅಲ್ಲಿನ ರಾಜನ ಮಗಳು ಮೆಡಿಯಾ, ಸೂರ್ಯದೇವ ಹೀಲಿಯೋಸನ ಮೊಮ್ಮಗಳು. ಜೇಸನ್‌ಗೋಸ್ಕರ ಅವಳು ತಂದೆಗೆ ದ್ರೋಹ ಮಾಡಿದಳು, ಒಡಹುಟ್ಟಿದವನನ್ನು ಕೊಂದಳು, ಜೇಸನ್‌ನ ವೈರಿ ಪೆಲಿಯಾಸ್‌ನನ್ನು ಅವನ ಹೆಣ್ಣುಮಕ್ಕಳ ಕೈಯಿಂದಲೇ ಸಾಯಿಸಿದಳು. ಆಮೇಲೆ ಇಬ್ಬರೂ ಕೊರಿಂತ್ ಊರಿಗೆ ಬಂದು ನೆಲೆಸಿದರು. ಎರಡು ಗಂಡುಮಕ್ಕಳು.

ನಾಟಕ ಶುರುವಾಗುವ ಹೊತ್ತಿಗೆ ಇದೆಲ್ಲ ಹಳೇ ಕಥೆ. ಜೇಸನ್ ಕೊರಿಂತ್‌ನ ರಾಜ ಕ್ರಿಯೋನ್‌ನ ಮಗಳನ್ನು ಮದುವೆಯಾಗಿದ್ದಾನೆ. ಕ್ರಿಯೋನ್ ಬಂದು, ಮಕ್ಕಳನ್ನು ಕಟ್ಟಿಕೊಂಡು ಈಗಲೇ ಊರು ಬಿಡು ಅನ್ನುತ್ತಾನೆ. ಮೆಡಿಯಾ ಅವನ ಕಾಲು ಹಿಡಿದು ಒಂದೇ ಒಂದು ದಿನ ಕೇಳುತ್ತಾಳೆ. ಅವನು ಕೊಡುತ್ತಾನೆ. ಆ ಒಂದು ದಿನವೇ ನಾಟಕ. ಅಥೆನ್ಸಿನ ದೊರೆ ಈಜಿಯಸ್‌ನಿಂದ ಆಶ್ರಯದ ಆಣೆ ಪಡೆಯುತ್ತಾಳೆ. ಜೇಸನ್ ಜೊತೆ ರಾಜಿಯಾದಂತೆ ನಟಿಸುತ್ತಾಳೆ. ಮಕ್ಕಳ ಕೈಯಲ್ಲಿ ಹೊಸ ಮದುಮಗಳಿಗೆ ವಿಷ ಸವರಿದ ಉಡುಪು, ಚಿನ್ನದ ಕಿರೀಟ ಕಳಿಸುತ್ತಾಳೆ. ಮದುಮಗಳೂ ಸಾಯುತ್ತಾಳೆ, ಅವಳನ್ನು ಅಪ್ಪಿಕೊಂಡ ಅಪ್ಪನೂ ಸಾಯುತ್ತಾನೆ. ಕೊನೆಗೆ ಮೆಡಿಯಾ ತನ್ನ ಮಕ್ಕಳನ್ನೇ ಕೊಂದು, ಹೆಣಗಳ ಜೊತೆ ಸೂರ್ಯನ ರಥವೇರಿ ಹೋಗುತ್ತಾಳೆ.

ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು?

ಒಂದೇ ಸರಿ ರೂಪ ಅಂತ ಇಲ್ಲ. ಗ್ರೀಕಿನಲ್ಲಿ ಮೊದಲ ಅಕ್ಷರ ದೀರ್ಘ ‘ಮೇ’. ಇಂಗ್ಲಿಷಿನವರು ‘ಮಿಡೀಯ’ ಅನ್ನುತ್ತಾರೆ. ‘ಮೀಡಿಯಾ’ ಅಂತ ಬರೆದರೆ ಓದುವವರು ಟಿವಿ ಚಾನೆಲ್ ಅಂದುಕೊಳ್ಳುತ್ತಾರೆ, ಅದಕ್ಕೇ ನಾನು ‘ಮೆಡಿಯಾ’ ಬರೆಯುತ್ತೇನೆ. ಯಾವುದಾದರೂ ಒಂದನ್ನು ಹಿಡಿದು ಪೇಪರ್ ಪೂರ್ತಿ ಅದನ್ನೇ ಬಳಸಿ.

ಯಾವಾಗಿನ ನಾಟಕ? ಸೋತಿತ್ತಂತೆ, ಹೌದಾ?

ಕ್ರಿ.ಪೂ. 431ರ ವಸಂತದಲ್ಲಿ, ಅಥೆನ್ಸಿನ ಡಯೊನೀಸಿಯಾ ಹಬ್ಬದಲ್ಲಿ ಮೊದಲ ಸಲ ಆಡಿದರು. ಮೂವರು ಕವಿಗಳ ಸ್ಪರ್ಧೆ. ಈಸ್ಕಿಲಸ್‌ನ ಮಗ ಯೂಫೋರಿಯನ್ ಮೊದಲು, ಸೊಫೊಕ್ಲೀಸ್ ಎರಡನೆಯವನು, ಯೂರಿಪಿಡೀಸ್ ಕೊನೆ. ಆದರೆ ‘ಮೆಡಿಯಾ’ ಒಂದಕ್ಕೇ ಮೂರನೇ ಸ್ಥಾನ ಸಿಕ್ಕಿತು ಅಂತ ಬರೆಯಬೇಡಿ. ಪ್ರತಿ ಕವಿಯೂ ನಾಲ್ಕು ನಾಟಕ ತರಬೇಕಿತ್ತು, ತೀರ್ಪು ನಾಲ್ಕಕ್ಕೂ ಸೇರಿಸಿ. ಅವನ ಉಳಿದ ಮೂರು, ‘ಫಿಲಾಕ್ಟಿಟೀಸ್’, ‘ಡಿಕ್ಟಿಸ್’ ಮತ್ತು ‘ಕುಯಿಲಿನವರು’ ಎಂಬ ಹಾಸ್ಯದ ಸ್ಯಾಟಿರ್ ನಾಟಕ, ಇವತ್ತು ಪೂರ್ತಿಯಾಗಿ ಉಳಿದಿಲ್ಲ.

ಆ ವರ್ಷವೇ ಅಥೆನ್ಸ್ ಮತ್ತು ಸ್ಪಾರ್ಟಾ ನಡುವೆ ದೊಡ್ಡ ಯುದ್ಧ ಶುರುವಾಯಿತು. ಕೊರಿಂತ್ ಇದ್ದದ್ದು ಸ್ಪಾರ್ಟಾದ ಪಕ್ಷದಲ್ಲಿ. ಇನ್ನೊಂದು ವಿಷಯ ನೆನಪಿಡಿ. ಕ್ರಿ.ಪೂ. 451ರಲ್ಲಿ ಅಥೆನ್ಸಿನ ನಾಯಕ ಪೆರಿಕ್ಲೀಸ್ ತಂದ ಕಾನೂನಿನ ಪ್ರಕಾರ ಅಪ್ಪ ಅಮ್ಮ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಕ್ಕಳಿಗೆ ಪೌರತ್ವ. ಹೊರಗಿನ ಹೆಂಡತಿ, ಅವಳ ಮಕ್ಕಳು ಅಂದರೆ ಆ ಪ್ರೇಕ್ಷಕರಿಗೆ ಬರೀ ಪುರಾಣವಲ್ಲ, ಪಕ್ಕದ ಮನೆಯ ವಿಷಯ.

ಪುಟ ಸಂಖ್ಯೆ ಕೊಟ್ಟರೆ ಸಾಲದಾ?

ಸಾಲದು. ಒಂದು ಸಲ ನನ್ನ ಕೈಗೆ ಬಂದ ಒಂದು ಪೇಪರಿನಲ್ಲಿ ‘ಯೂರಿಪಿಡೀಸ್ 23’ ಅಂತಿತ್ತು. ಇಪ್ಪತ್ತಮೂರನೇ ಪುಟವಾ, ಸಾಲಾ? ಕೇಳಿದರೆ, ಜೆರಾಕ್ಸ್ ಅಂಗಡಿಯಲ್ಲಿ ಹಾಕಿಸಿದ ಸ್ಪೈರಲ್ ಬೈಂಡಿಂಗಿನ ಪುಟ ಅಂದರು. ಆ ಪುಟ ಅವರೊಬ್ಬರ ಹತ್ತಿರ ಮಾತ್ರ ಇದೆ!

ಗ್ರೀಕ್ ನಾಟಕಗಳಿಗೆ ಮೂಲ ಪಠ್ಯದ ಸಾಲು ಸಂಖ್ಯೆಯೇ ವಿಳಾಸ. ‘ಮೆಡಿಯಾ’ದಲ್ಲಿ ಒಟ್ಟು 1419 ಸಾಲು. 230ನೇ ಸಾಲು ಅಂದರೆ ಅಥೆನ್ಸಿನಲ್ಲಿ ಕೂತವರಿಗೂ ಧಾರವಾಡದಲ್ಲಿ ಕೂತವರಿಗೂ ಒಂದೇ ಜಾಗ. ಅಂಕ, ದೃಶ್ಯ ಅಂತ ಬರೆಯಬೇಡಿ. ಶೇಕ್ಸ್‌ಪಿಯರ್ ಓದಿದ ಅಭ್ಯಾಸದಿಂದ ಎಷ್ಟೋ ಜನ ‘ಅಂಕ 2, ದೃಶ್ಯ 1’ ಅಂತ ಹಾಕಿಬಿಡುತ್ತಾರೆ. ಇಲ್ಲಿ ಅಂಥ ವಿಂಗಡಣೆ ಇಲ್ಲ. ಮಾತಿನ ಭಾಗ, ಮೇಳದ (ಹಾಡುವ ಗುಂಪು, ಇಲ್ಲಿ ಕೊರಿಂತ್‌ನ ಹೆಂಗಸರು) ಹಾಡು, ಮತ್ತೆ ಮಾತು, ಮತ್ತೆ ಹಾಡು, ಹೀಗೆ ಸಾಗುತ್ತದೆ.

ಯಾವ ಸಾಲಿನ ಸುತ್ತ ಏನಿದೆ?

ದಾದಿಯ ಮಾತಿನಿಂದ ಶುರು. ಮೆಡಿಯಾ 96ರ ಹೊತ್ತಿಗೆ ಒಳಗಿನಿಂದ ಕೂಗುತ್ತಾಳೆ, 214ಕ್ಕೆ ಹೊರಗೆ ಬರುತ್ತಾಳೆ. 271ರಿಂದ ಕ್ರಿಯೋನ್. 446ರಿಂದ ಗಂಡ ಹೆಂಡತಿಯ ಮೊದಲ ಜಗಳ. 663ರಿಂದ ಈಜಿಯಸ್. 866ರಿಂದ ಹುಸಿ ರಾಜಿ. 1021ರಿಂದ ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ಆಡುವ ಆ ದೊಡ್ಡ ಮಾತು. 1136ರಿಂದ ದೂತನ ವರದಿ. 1270ರ ಸುಮಾರಿಗೆ ಒಳಗಿನಿಂದ ಮಕ್ಕಳ ಕೂಗು. 1317ರಿಂದ ರಥ. ಇಷ್ಟನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಆಯಿತು.

ನನ್ನ ಅನುವಾದದಲ್ಲಿ ಸಾಲು ಸಂಖ್ಯೆಯೇ ಇಲ್ಲ. ಏನು ಮಾಡಲಿ?

ಪುಕ್ಕಟೆ ಸಿಗುವ ಹಳೆಯ ಗದ್ಯ ಅನುವಾದಗಳಲ್ಲಿ ಇದೇ ಗೋಳು. ಪದ್ಯದ ಅನುವಾದಗಳಲ್ಲಿ ಇನ್ನೊಂದು ತೊಡಕು: ಕೆಲವರು ಗ್ರೀಕ್ ಸಾಲಿನ ಲೆಕ್ಕ ಕೊಡುತ್ತಾರೆ, ಕೆಲವರು ತಮ್ಮದೇ ಸಾಲುಗಳನ್ನು ಎಣಿಸುತ್ತಾರೆ. ಎರಡಕ್ಕೂ ಹತ್ತಾರು ಸಾಲುಗಳ ವ್ಯತ್ಯಾಸ ಬರಬಹುದು. ಒಂದು ಸುಲಭ ಉಪಾಯ ಇದೆ. ಪರ್ಸಿಯಸ್ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಗ್ರೀಕ್ ಪಠ್ಯ ಮತ್ತು ಡೇವಿಡ್ ಕೊವಾಕ್ಸ್ ಮಾಡಿದ ಇಂಗ್ಲಿಷ್ ಗದ್ಯ ಅನುವಾದ ಎರಡೂ ಸಾಲು ಸಂಖ್ಯೆಯ ಜೊತೆ ಸಿಗುತ್ತವೆ. ನಿಮ್ಮ ಪುಸ್ತಕದ ಮಾತು ಅಲ್ಲಿ ಎಲ್ಲಿದೆ ಅಂತ ಹುಡುಕಿ. ಗ್ರೀಕ್ ಬರಬೇಕಂತಿಲ್ಲ.

ಎಂಎಲ್ಎ, ಶಿಕಾಗೊ, ಎಪಿಎ: ಯಾವುದಕ್ಕೆ ಹೇಗೆ?

ಇವು ಉಲ್ಲೇಖ ಬರೆಯುವ ಮೂರು ಪದ್ಧತಿಗಳು. ಎಂಎಲ್ಎಯಲ್ಲಿ ಮೊದಲ ಸಲ ‘ಸಾಲು’ ಅನ್ನುವ ಪದ ಸೇರಿಸಿ: (ಯೂರಿಪಿಡೀಸ್, ಸಾಲು 230–31). ಆಮೇಲೆ ಬರೀ ಅಂಕಿ ಸಾಕು. ಶಿಕಾಗೊದಲ್ಲಿ ಪ್ರಾಚೀನ ಕೃತಿಗಳಿಗೆ ಚಿಕ್ಕ ರೂಪ ನಡೆಯುತ್ತದೆ: ಯೂರಿ. ಮೆಡಿ. 230–31. ಕೃತಿಯ ಹೆಸರಿಗೂ ಅಂಕಿಗೂ ನಡುವೆ ಅಲ್ಪವಿರಾಮ ಬೇಡ. ಎಪಿಎಯವರಿಗೆ ಎರಡು ಇಸವಿ ಬೇಕು, ಮೂಲದ್ದೊಂದು ಅನುವಾದದ್ದೊಂದು: (ಯೂರಿಪಿಡೀಸ್, ಕ್ರಿ.ಪೂ. 431/1994, ಸಾಲು 230–231). ಇಲ್ಲಿ 1994 ಕೊವಾಕ್ಸ್ ಅನುವಾದದ ವರ್ಷ.

ಯಾವ ಪದ್ಧತಿಯಾದರೂ ಅನುವಾದಕರ ಹೆಸರು ಬಿಡಬೇಡಿ. ನೀವು ಎತ್ತಿ ಬರೆದ ಪದಗಳು ಯೂರಿಪಿಡೀಸನವಲ್ಲ, ಅವರವು. ಇಂಗ್ಲಿಷಿನಿಂದ ನೀವೇ ಕನ್ನಡ ಮಾಡಿಕೊಂಡಿದ್ದರೆ ಅದನ್ನೂ ಹೇಳಿ: ‘ಫಿಲಿಪ್ ವೆಲಕಾಟರ ಇಂಗ್ಲಿಷ್‌ನಿಂದ, ಕನ್ನಡ ನನ್ನದು.’ ಹೀಗೆ ಬರೆಯೋಕೆ ನಾಚಿಕೆ ಯಾಕೋ ಗೊತ್ತಾಗಲ್ಲ. ಇದು ಪ್ರಾಮಾಣಿಕತೆ, ಜೊತೆಗೆ ತಪ್ಪಿದರೆ ತಪ್ಪು ಎಲ್ಲಾಯಿತು ಅಂತ ಹುಡುಕೋಕೂ ಅನುಕೂಲ.

230ನೇ ಸಾಲಿನ ಭಾಷಣ ಸ್ತ್ರೀವಾದದ ಮಾತಲ್ಲವಾ? ಯೂರಿಪಿಡೀಸ್ ಹೆಂಗಸರ ಪರ ಇದ್ದ ಅಂತ ಬರೆಯಬಹುದಾ?

ಜಾಸ್ತಿ ಜನ ಎಡವುವುದು ಇಲ್ಲೇ.

ಒಳಗೆ ಕೂಗಾಡಿ ಅತ್ತವಳು ಹೊರಗೆ ಬರುವಾಗ ತಣ್ಣಗಿರುತ್ತಾಳೆ. ಕೊರಿಂತ್‌ನ ಹೆಂಗಸರ ಮುಂದೆ ನಿಂತು ಮಾತು ಶುರು ಮಾಡುತ್ತಾಳೆ. ಜೀವ ಇರುವ, ಬುದ್ಧಿ ಇರುವ ಎಲ್ಲದರಲ್ಲೂ ಹೆಣ್ಣಿನಷ್ಟು ನೊಂದ ಜೀವ ಇನ್ನೊಂದಿಲ್ಲ (230–31). ದುಡ್ಡು ಸುರಿದು ಗಂಡನನ್ನು ಕೊಂಡುಕೊಳ್ಳಬೇಕು, ಕೊಂಡ ಮೇಲೆ ಅವನೇ ನಮ್ಮ ಮೈಗೆ ಒಡೆಯ. ಮನೆಯಲ್ಲಿ ಬೇಜಾರಾದರೆ ಗಂಡಸು ಹೊರಗೆ ಹೋಗಿ ಮನಸ್ಸು ಹಗುರ ಮಾಡಿಕೊಳ್ಳುತ್ತಾನೆ. ನಾವು ಮನೆಯಲ್ಲಿ ಸುಖವಾಗಿದ್ದೇವೆ, ಅವರು ಯುದ್ಧ ಮಾಡುತ್ತಾರೆ ಅನ್ನುತ್ತಾರೆ. ಒಂದು ಸಲ ಹೆರುವುದಕ್ಕಿಂತ ಮೂರು ಸಲ ಗುರಾಣಿ ಹಿಡಿದು ನಿಲ್ಲುವುದೇ ವಾಸಿ (250–51). ವರದಕ್ಷಿಣೆ ಕಂಡ ನಮಗೆ ಈ ಮಾತು ಕೇಳಿ ಮೈ ಜುಮ್ ಅನ್ನದೇ ಇರಲ್ಲ.

ಎಲ್ಲರೂ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಇನ್ನು ಹತ್ತು ಸಾಲು ಮುಂದೆ ಓದಿ. ‘ನಿಮಗೆ ಊರಿದೆ, ತವರಿದೆ, ನನಗೆ ಯಾರಿದ್ದಾರೆ?’ ಅನ್ನುತ್ತಾಳೆ. ಆಮೇಲೆ ಮೆಲ್ಲಗೆ, ‘ಗಂಡನ ಮೇಲೆ ಸೇಡು ತೀರಿಸೋಕೆ ನನಗೊಂದು ದಾರಿ ಸಿಕ್ಕರೆ ನೀವು ಬಾಯಿ ಬಿಡಬೇಡಿ, ಅಷ್ಟೇ ಸಾಕು’ (259–63). ಮೇಳದವರು ಒಪ್ಪುತ್ತಾರೆ. ಆ ಒಪ್ಪಿಗೆ ಕೊನೆಯವರೆಗೂ ಅವರ ಕೈ ಕಟ್ಟಿಹಾಕುತ್ತದೆ. ಮಕ್ಕಳು ಒಳಗೆ ಕೂಗುವಾಗ ಹೋಗೋಣವಾ ಅಂತ ಕೇಳಿಕೊಳ್ಳುತ್ತಾರೆ, ಹೋಗುವುದಿಲ್ಲ.

ಭಾಷಣ ಸುಳ್ಳಲ್ಲ. ಆದರೆ ಪುಕ್ಕಟೆಯೂ ಅಲ್ಲ. ಹಾಗಾಗಿ ‘ಯೂರಿಪಿಡೀಸ್ ಹೇಳುತ್ತಾನೆ’ ಅನ್ನುವ ಬದಲು ‘ಮೇಳದ ಹೆಂಗಸರ ಮೌನ ಬೇಕಾಗಿರುವ ಮೆಡಿಯಾ ಅವರಿಗೆ ಹೇಳುತ್ತಾಳೆ’ ಅಂತ ಬರೆಯಿರಿ. ಇದನ್ನೆಲ್ಲ ಮುಖವಾಡ ಹಾಕಿದ ಒಬ್ಬ ಗಂಡಸೇ ಆಡುತ್ತಿದ್ದ ಅನ್ನುವುದೂ ತಲೆಯಲ್ಲಿರಲಿ. ಆಗ ಎಲ್ಲ ಪಾತ್ರಗಳನ್ನೂ ಗಂಡಸರೇ ಆಡುತ್ತಿದ್ದರು.

ಜೇಸನ್ ಕಡೆಯಿಂದ ಏನಾದರೂ ಹೇಳೋಕೆ ಇದೆಯಾ?

ಅವನಿಗಂತೂ ತುಂಬಾ ಇದೆ. ನನ್ನನ್ನು ಉಳಿಸಿದ್ದು ನೀನಲ್ಲ, ಪ್ರೇಮದೇವತೆ. ಕಾಡುಜನರ ನಾಡಿನಿಂದ ನಿನ್ನನ್ನು ಗ್ರೀಸಿಗೆ ಕರೆತಂದೆ, ಇಲ್ಲಿ ಕಾನೂನಿದೆ, ಹೆಸರು ಬಂತು (536–41). ಈ ಮದುವೆಯೂ ನಿಮ್ಮ ಒಳ್ಳೆಯದಕ್ಕೇ! ಲೆಕ್ಕದ ಪುಸ್ತಕ ತೆರೆದಿಟ್ಟ ಹಾಗೆ ಮಾತಾಡುತ್ತಾನೆ. ಅವನು ತಪ್ಪಿಯೂ ಬಾಯಿ ಹಾಕದ ವಿಷಯ ಒಂದೇ, ಆಣೆ. ಮೆಡಿಯಾಳ ದೂರು ‘ಇನ್ನೊಬ್ಬಳನ್ನು ಕಟ್ಟಿಕೊಂಡ’ ಅನ್ನುವುದಷ್ಟೇ ಅಲ್ಲ. ಬಲಗೈ ಹಿಡಿದು ದೇವರ ಮುಂದೆ ಇಟ್ಟ ಆಣೆ ಮುರಿದ ಅನ್ನುವುದು. ದಾದಿ ಅದನ್ನು 21ನೇ ಸಾಲಿನಲ್ಲೇ ಹೇಳುತ್ತಾಳೆ. ಮೆಡಿಯಾ 492ರಲ್ಲಿ ಮತ್ತೆ ಎತ್ತುತ್ತಾಳೆ. ಈಜಿಯಸ್‌ನಿಂದ ಬಾಯಿಮಾತು ಸಾಲದು, ಆಣೆಯೇ ಬೇಕು ಅನ್ನುವುದು ಇದಕ್ಕೇ.

ಮಕ್ಕಳನ್ನು ಯಾಕೆ ಕೊಂದಳು? ಹುಚ್ಚಾ?

ಹುಚ್ಚು ಅಂತ ಬರೆದರೆ ನಾಟಕವನ್ನೇ ತಪ್ಪಿಸಿಕೊಂಡ ಹಾಗೆ. ಅವಳು ಯೋಚಿಸುತ್ತಾಳೆ, ಹಿಂದೆ ಸರಿಯುತ್ತಾಳೆ, ಮತ್ತೆ ಗಟ್ಟಿಯಾಗುತ್ತಾಳೆ. ಅವಳ ಬಾಯಲ್ಲಿ ಮತ್ತೆ ಮತ್ತೆ ಬರುವ ಭಯ ಒಂದೇ: ವೈರಿಗಳು ನಗುತ್ತಾರೆ (383, 404, 797, 1049–50). ನಾಲ್ಕು ಜನರ ಮುಂದೆ ನಗೆಪಾಟಲಾಗಬಾರದು. ‘ವೈರಿಗಳಿಗೆ ಕಠಿಣ, ಗೆಳೆಯರಿಗೆ ಒಳ್ಳೆಯವಳು’ ಅನ್ನಿಸಿಕೊಳ್ಳಬೇಕು (809). ಇದು ಹೋಮರನ ವೀರರು ಆಡುವ ಮಾತು. ಗಂಡಸರ ವೀರನೀತಿಯನ್ನು ಒಬ್ಬ ಹೆಂಗಸು, ಅದೂ ಹೊರಗಿನವಳು, ಮನೆಯೊಳಗೆ ತಂದರೆ ಏನಾಗುತ್ತದೆ? ಕತ್ತಿಗೆ ಸಿಗುವುದು ಅಲ್ಲಿರುವವರೇ.

ಮಕ್ಕಳ ಮೈ ಎಷ್ಟು ಮೆತ್ತಗಿದೆ, ಉಸಿರು ಎಷ್ಟು ಸಿಹಿ ಅಂತ ಅಪ್ಪಿಕೊಂಡು ಹೇಳುವ 1074–75 ಓದದೆ ಅವಳ ಬಗ್ಗೆ ತೀರ್ಪು ಕೊಡಬೇಡಿ.

‘ಬುದ್ಧಿಗಿಂತ ಸಿಟ್ಟು ದೊಡ್ಡದು’ ಎಂಬ ಆ ಪ್ರಸಿದ್ಧ ಸಾಲು?

1078–80. ನನ್ನ ಕನ್ನಡದಲ್ಲಿ ಹೀಗೆ: ‘ಎಂಥ ಕೇಡು ಮಾಡಹೊರಟಿದ್ದೇನೆ ಅಂತ ನನಗೆ ಗೊತ್ತು. ನನ್ನ ಯೋಚನೆಗಳಿಗಿಂತ ನನ್ನ ರೋಷ ಮೇಲಾಗಿದೆ. ಮನುಷ್ಯರ ದೊಡ್ಡ ದೊಡ್ಡ ಕೇಡುಗಳಿಗೆಲ್ಲ ಅದೇ ಕಾರಣ.’

ಎರಡು ಪದಗಳಲ್ಲಿ ತಕರಾರಿದೆ. ‘ರೋಷ’ ಅಂದದ್ದು ಗ್ರೀಕಿನ ‘ಥೂಮೋಸ್’. ಸಿಟ್ಟು, ಕೆಚ್ಚು, ಎದೆಯೊಳಗಿನ ಬಿಸಿ ಎಲ್ಲ ಅದರಲ್ಲಿದೆ. ‘ಯೋಚನೆ’ ಅಂದದ್ದು ‘ಬೂಲೆವ್ಮತ’. ಇದನ್ನು ‘ವಿವೇಕ’ ಅಂತ ಅನುವಾದಿಸಿದರೆ ಸಿಟ್ಟು ವಿವೇಕವನ್ನು ಸೋಲಿಸಿತು ಅನ್ನುವ ಚೊಕ್ಕ ಪಾಠ ಸಿಗುತ್ತದೆ. ತೊಂದರೆ ಏನಂದರೆ ಇದೇ ಭಾಷಣದಲ್ಲಿ, 1044 ಮತ್ತು 1048ರಲ್ಲಿ, ಅವಳು ಅದೇ ಪದವನ್ನು ಕೊಲೆಯ ಸಂಚಿಗೇ ಬಳಸಿದ್ದಾಳೆ. ಹಾಗಾದರೆ ‘ನನ್ನ ಸಂಚಿಗೆ ರೋಷವೇ ಯಜಮಾನ’ ಅಂತಲೂ ಓದಬಹುದು. ಆಗ ಸಿಟ್ಟೂ ಲೆಕ್ಕಾಚಾರವೂ ಎದುರಾಬದುರಾ ಅಲ್ಲ, ಜೋಡಿ. ನನಗೆ ಎರಡನೆಯದೇ ಈ ಹೆಂಗಸಿಗೆ ಹೊಂದುತ್ತದೆ ಅನ್ನಿಸುತ್ತದೆ. ಅವಳು ಲೆಕ್ಕ ತಪ್ಪಿದ್ದು ನಾನಂತೂ ಎಲ್ಲೂ ಕಂಡಿಲ್ಲ.

ಇನ್ನೊಂದು ಎಚ್ಚರಿಕೆ. 1056ರಿಂದ 1080ರವರೆಗಿನ ಸಾಲುಗಳು ಯೂರಿಪಿಡೀಸನವೇ ಅಲ್ಲ, ಆಮೇಲೆ ಸೇರಿದವು ಅಂತ ಕೆಲವು ವಿದ್ವಾಂಸರ ವಾದ. ಜೇಮ್ಸ್ ಡಿಗಲ್ 1984ರ ಆಕ್ಸ್‌ಫರ್ಡ್ ಪಠ್ಯದಲ್ಲಿ ಇವನ್ನು ಕಂಸದೊಳಗೆ ಹಾಕಿದ್ದಾರೆ. ಎಲ್ಲರೂ ಒಪ್ಪಿಲ್ಲ. ನಿಮ್ಮ ಇಡೀ ವಾದ ಈ ಮೂರು ಸಾಲಿನ ಮೇಲೆ ನಿಂತಿದ್ದರೆ ಒಂದು ವಾಕ್ಯದಲ್ಲಾದರೂ ಇದನ್ನು ಹೇಳಿ.

ರಾಜಕುಮಾರಿಯ ಸಾವು ವೇದಿಕೆ ಮೇಲೆ ತೋರಿಸುತ್ತಾರಾ?

ಇಲ್ಲ, ದೂತ ಬಂದು ಹೇಳುತ್ತಾನೆ. ಅದೇ ಜಾಸ್ತಿ ಭಯಂಕರ. ಹುಡುಗಿ ಉಡುಪು ತೊಟ್ಟು, ಕಿರೀಟ ಇಟ್ಟು, ಕನ್ನಡಿ ಮುಂದೆ ಕೂದಲು ಸರಿ ಮಾಡಿಕೊಳ್ಳುತ್ತಾಳೆ. ಕನ್ನಡಿಯೊಳಗಿನ ಜೀವವಿಲ್ಲದ ತನ್ನ ಬಿಂಬಕ್ಕೆ ನಗುತ್ತಾಳೆ (1161–62). ಎದ್ದು ಬಿಳಿ ಪಾದಗಳನ್ನು ನಾಜೂಕಾಗಿ ಇಡುತ್ತಾ ಕೋಣೆ ತುಂಬ ಓಡಾಡುತ್ತಾಳೆ. ಉಡುಪು ಕಾಲಿನ ಹತ್ತಿರ ಹೇಗೆ ಬೀಳುತ್ತಿದೆ ಅಂತ ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಾಳೆ. ಹೊಸ ಸೀರೆ ಉಟ್ಟ ಯಾವ ಹುಡುಗಿ ಹೀಗೆ ಮಾಡಲ್ಲ ಹೇಳಿ? ಆಮೇಲೆ ಬಣ್ಣ ಬದಲಾಗುತ್ತದೆ, ಕಾಲು ನಡುಗುತ್ತದೆ. ಒಬ್ಬ ಮುದುಕಿ ಮೈಮೇಲೆ ದೇವರು ಬಂತು ಅಂದುಕೊಂಡು ಮೊದಲು ಪೂಜೆಯ ಕೂಗು ಹಾಕುತ್ತಾಳೆ. ಬಾಯಲ್ಲಿ ಬಿಳಿ ನೊರೆ ಕಂಡಾಗ ಅದೇ ಕೂಗು ಗೋಳಾಗುತ್ತದೆ. ಮಾಂಸ ದೇವದಾರಿನ ಅಂಟಿನ ಹಾಗೆ ಎಲುಬಿನಿಂದ ಇಳಿಯುತ್ತದೆ (1200).

ಹಾಂ, ಈ ಹುಡುಗಿಗೆ ನಾಟಕದಲ್ಲಿ ಹೆಸರಿಲ್ಲ. ಗ್ಲಾಕಿ, ಕ್ರಿಯೂಸಾ ಎಲ್ಲ ಬೇರೆ ಕಡೆಯಿಂದ ಬಂದವು.

ಈ ಕ್ರಿಯೋನ್ ಸೊಫೊಕ್ಲೀಸನ ‘ಆಂಟಿಗೊನಿ’ ನಾಟಕದ ಕ್ರಿಯೋನಾ?

ಅಲ್ಲ. ಅವನು ಥೀಬ್ಸ್‌ನವನು, ಇವನು ಕೊರಿಂತ್‌ನವನು.

ಮಕ್ಕಳ ಕೊಲೆ ಯೂರಿಪಿಡೀಸನ ಸ್ವಂತ ಕಲ್ಪನೆಯಾ?

ಹಳೆಯ ಬೇರೆ ಕಥೆಗಳಿದ್ದವು. ಒಂದರಲ್ಲಿ ಮಕ್ಕಳನ್ನು ಕೊಂದವರು ಕೊರಿಂತ್‌ನ ಜನ. ಅಪವಾದ ತಪ್ಪಿಸಿಕೊಳ್ಳೋಕೆ ಅವರೇ ಯೂರಿಪಿಡೀಸ್‌ಗೆ ಐದು ಟ್ಯಾಲೆಂಟ್ (ಆಗಿನ ಕಾಲದ ದೊಡ್ಡ ಮೊತ್ತ) ಲಂಚ ಕೊಟ್ಟರು ಅಂತ ಹಳೇ ಟಿಪ್ಪಣಿಕಾರರ ಒಂದು ಗಾಳಿಮಾತೂ ಇದೆ. ನಂಬಬೇಕಿಲ್ಲ, ಮಜಾ ಇದೆ ಅಷ್ಟೇ. ಮುಖ್ಯ ಏನಂದರೆ ಆ ಹಳೇ ಕಥೆಯ ನೆರಳು ನಾಟಕದೊಳಗೇ ಇದೆ. ಕೊನೆಯಲ್ಲಿ ಜೇಸನ್ ಓಡಿಬರುವುದು ರಾಜನ ಬಂಧುಗಳು ಮಕ್ಕಳಿಗೆ ಏನಾದರೂ ಮಾಡಿಯಾರು ಅಂತ (1301–05). ಆಗಲೇ ಮಕ್ಕಳು ತಾಯಿಯ ಕೈಯಲ್ಲಿ ಸತ್ತಿದ್ದಾರೆ.

ಡ್ರ್ಯಾಗನ್‌ಗಳ ರಥ ಯಾವ ಸಾಲಿನಲ್ಲಿದೆ?

ಯಾವ ಸಾಲಿನಲ್ಲೂ ಇಲ್ಲ. ತಾತ ಸೂರ್ಯ ಕೊಟ್ಟ ರಥ ಅಂತ ಮಾತ್ರ ಅವಳು ಹೇಳುತ್ತಾಳೆ (1321). ಹಾವಿನಂಥ ಡ್ರ್ಯಾಗನ್‌ಗಳನ್ನು ನಾವು ನೋಡುವುದು ಚಿತ್ರಗಳಲ್ಲಿ, ಉದಾಹರಣೆಗೆ ಕ್ಲೀವ್‌ಲೆಂಡ್ ಮ್ಯೂಸಿಯಂನಲ್ಲಿರುವ ಸುಮಾರು ಕ್ರಿ.ಪೂ. 400ರ ಒಂದು ಮಡಕೆಯ ಮೇಲೆ. ಈ ರಥ ಅರಿಸ್ಟಾಟಲ್‌ಗೆ ಹಿಡಿಸಲಿಲ್ಲ, ಅಂತ್ಯ ಕಥೆಯೊಳಗಿಂದಲೇ ಬರಬೇಕು ಅಂದ (ಪೊಯೆಟಿಕ್ಸ್ 1454ಬಿ). ದೇವರು ಬಂದು ನಿಲ್ಲುವ ಎತ್ತರದಲ್ಲಿ ಕೊಲೆಗಾತಿ ನಿಂತಿದ್ದಾಳೆ, ಕೆಳಗೆ ಜೇಸನ್ ಒಂದೇ ಒಂದು ಸಲ ಮಕ್ಕಳನ್ನು ಮುಟ್ಟೋಕೆ ಬಿಡು ಅಂತ ಗೋಗರೆಯುತ್ತಿದ್ದಾನೆ. ನನಗಂತೂ ಆ ರಥ ಬೇಕು.

‘ಮೋಸಹೋದ ಹೆಣ್ಣಿನ ರೋಷಕ್ಕೆ ನರಕವೂ ಸಾಟಿಯಲ್ಲ’: ಇದು ಈ ನಾಟಕದ್ದಾ?

ಅಲ್ಲ. 1697ರ ವಿಲಿಯಂ ಕಾಂಗ್ರೀವ್‌ನ ಇಂಗ್ಲಿಷ್ ನಾಟಕದ ಮಾತಿನ ಬದಲಾದ ರೂಪ ಅದು. ಯೂರಿಪಿಡೀಸ್‌ನಲ್ಲಿ ಅಂಥ ಮಾತು ಬೇಕಿದ್ದರೆ 263–66 ನೋಡಿ: ಹೆಣ್ಣು ಬೇರೆಲ್ಲದಕ್ಕೂ ಹೆದರುವವಳು, ಆದರೆ ಹಾಸಿಗೆಯ ವಿಷಯದಲ್ಲಿ ಅನ್ಯಾಯವಾದರೆ ಅವಳಷ್ಟು ರಕ್ತ ಬಯಸುವ ಮನಸ್ಸು ಇನ್ನೊಂದಿಲ್ಲ. ಹೇಳುವವಳು ಮೆಡಿಯಾನೇ, ಅದೇ ಹೆಂಗಸರಿಗೆ, ‘ಬಾಯಿ ಬಿಡಬೇಡಿ’ ಅಂದ ಬೆನ್ನಿಗೇ.

ಇದೇ ರೀತಿ, ಮೆಡಿಯಾ ವೇದಿಕೆ ಮೇಲೆಯೇ ಮಕ್ಕಳನ್ನು, ಅದರಲ್ಲೂ ಒಬ್ಬನನ್ನು ಗಂಡನ ಕಣ್ಣೆದುರೇ, ಕೊಲ್ಲುವುದು ರೋಮನ್ ಸೆನೆಕಾನ ಲ್ಯಾಟಿನ್ ನಾಟಕದಲ್ಲಿ. ಎರಡನ್ನೂ ಕಲಸಬೇಡಿ. ಎಐ ಕೊಟ್ಟ ಉಲ್ಲೇಖ ಆಗಿದ್ದರೆ ಸಾಲು ಸಂಖ್ಯೆ ತೆರೆದು ನೋಡದೆ ಮುಟ್ಟಲೇಬೇಡಿ.

ಕನ್ನಡದಲ್ಲಿ ಗ್ರೀಕ್ ದುರಂತ ನಾಟಕಗಳ ನಂಟು ಎಲ್ಲಿಂದ ಹಿಡಿಯಲಿ?

ಬಿ.ಎಂ.ಶ್ರೀ ಅವರಿಂದ. ಅವರು ಇದಕ್ಕೆ ‘ರುದ್ರನಾಟಕ’ ಅಂದರು. 1929ರ ‘ಅಶ್ವತ್ಥಾಮನ್’ ಸೊಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತಕ್ಕೆ ತಂದದ್ದು, ‘ಪಾರಸಿಕರು’ ಈಸ್ಕಿಲಸನದು. ಲಂಕೇಶ್ ಈಡಿಪಸ್, ಅಂತಿಗೊನೆ (ಆಂಟಿಗೊನಿ) ನಾಟಕಗಳನ್ನು ಕನ್ನಡಕ್ಕೆ ತಂದರು. ಮೆಡಿಯಾ ಓದಿದ ಮೇಲೆ ‘ಅಶ್ವತ್ಥಾಮನ್’ ಓದಿ. ಏಜಾಕ್ಸ್‌ನನ್ನು ಸುಡುವುದೂ ವೈರಿಗಳ ನಗೆಯೇ.

ಎಷ್ಟು ಉಲ್ಲೇಖ ಹಾಕಿದರೆ ಜಾಸ್ತಿಯಾಯಿತು?

ಸ್ಟೋಯಿಕ್ ತತ್ವಜ್ಞಾನಿ ಕ್ರಿಸಿಪ್ಪಸ್‌ಗೆ ಈ ನಾಟಕ ಅಂದರೆ ಪ್ರಾಣ. ತನ್ನ ಒಂದು ಪುಸ್ತಕದಲ್ಲಿ ಹೆಚ್ಚೂಕಡಿಮೆ ಇಡೀ ‘ಮೆಡಿಯಾ’ವನ್ನೇ ಎತ್ತಿ ಹಾಕಿದ್ದನಂತೆ. ಆ ಪುಸ್ತಕ ಹಿಡಿದುಕೊಂಡಿದ್ದ ಒಬ್ಬನನ್ನು, ಕೈಯಲ್ಲಿ ಏನು ಅಂತ ಯಾರೋ ಕೇಳಿದರು. ಅವನು ಹೇಳಿದ: ‘ಕ್ರಿಸಿಪ್ಪಸನ ಮೆಡಿಯಾ.’ ಕಥೆ ತತ್ವಜ್ಞಾನಿಗಳ ಜೀವನಚರಿತ್ರೆ ಬರೆದ ಡಯೊಜಿನೀಸ್ ಲೇರ್ಷಿಯಸ್‌ನದು, 7.180.